ಕ್ಯಾಪ್ಟನ್ ಹೊರಗೆ ಕೂತರೆ ತಪ್ಪೇನು?

2024ರ ನವೆಂಬರಿನಲ್ಲಿ ಭಾರತ ತಂಡ ಆಸ್ಟ್ರೇಲಿಯಾ ಪ್ರವಾಸದ ಮೊದಲ ಟೆಸ್ಟನ್ನು ಪರ್ತ್‌ನಲ್ಲಿ 295 ರನ್ನುಗಳಿಂದ ಗೆದ್ದಿತು. ಆದರೆ ಸರಣಿಯನ್ನು 3-1ರಿಂದ ಸೋತಿತು. ಎಲ್ಲರೂ ಕೋಚ್ ಗೌತಮ್ ಗಂಭೀರ್ ಅವರನ್ನು ಬೈದರು. ಕೋಚ್ ಬಂದು ಬ್ಯಾಟ್ ಹಿಡಿಯೋಕಾಗುತ್ತಾ? ಬೂಮ್ರಾ ಒಬ್ಬರೇ 32 ವಿಕೆಟ್ ತೆಗೆದರು. ರನ್ ಹೊಡೆಯಬೇಕಾದವರು ಹೊಡೆಯಲಿಲ್ಲ. ಕ್ಯಾಪ್ಟನ್ ರೋಹಿತ್ ಶರ್ಮಾ 5 ಇನ್ನಿಂಗ್ಸಿನಲ್ಲಿ ಮಾಡಿದ್ದು ಬರೀ 31 ರನ್. 2025ರ ಜನವರಿಯಲ್ಲಿ ಸಿಡ್ನಿ ಟೆಸ್ಟಿಗೆ ಅವರೇ ಹೊರಗೆ ಕೂತರು. ಬೂಮ್ರಾ ಕ್ಯಾಪ್ಟನ್ ಆದರು. ಅದನ್ನೂ ಸೋತೆವು, ನಿಜ. ಆದರೂ ರೋಹಿತ್ ಮಾಡಿದ್ದು ಸರಿ ಅಂತ ನನ್ನ ಅಭಿಪ್ರಾಯ.

ಯಾಕೆ ಅಂದ್ರೆ, ನಮ್ಮ ತರಗತಿ ಟೀಮಿಗೆ ನಾನೇ ಕ್ಯಾಪ್ಟನ್. ಬ್ಯಾಟು ನಂದು, ಅದಕ್ಕೆ. ಕಳೆದ ಮೂರು ಮ್ಯಾಚಿನಲ್ಲಿ ನನ್ನ ರನ್ 0, 2, 0. ಆದ್ರೂ ಓಪನಿಂಗ್ ನಾನೇ ಹೋಗ್ತೀನಿ. ಚೆನ್ನಾಗಿ ಆಡೋ ಹುಡುಗ ಬೇಲಿ ಆಚೆ ಬಾಲ್ ಹುಡುಕ್ತಾ ಇರ್ತಾನೆ. ಯಾರೂ ಏನೂ ಅನ್ನಲ್ಲ. ಅಂದ್ರೆ ನಾನು ಬ್ಯಾಟ್ ತಗೊಂಡು ಮನೆಗೆ ಹೋಗ್ತೀನಿ ಅಂತ ಭಯ.

ಈ ಶನಿವಾರ 6ನೇ ತರಗತಿ ಜೊತೆ ಮ್ಯಾಚ್ ಇದೆ. ನಾನು ಹೊರಗೆ ಕೂತು ಸ್ಕೋರ್ ಬರೀತೀನಿ. ಬ್ಯಾಟು ಟೀಮಿನ ಜೊತೆ ಇರುತ್ತೆ. ಗೋಡೆ ಮೇಲೆ ಬರೆದಾಯ್ತು, ಇನ್ನು ಮಾತು ತಪ್ಪೋ ಹಾಗಿಲ್ಲ!

– 7ನೇ ತರಗತಿ