ವಕೀಲರಾಗದವರಿಗೂ ಕಾನೂನಿನ ಓದು



ಪರೀಕ್ಷೆಗಳ ಫಲಿತಾಂಶ ಹೊರಬೀಳುವ ಕಾಲದಲ್ಲಿ ಈ ಅಂಕಣಕ್ಕೆ ಬರುವ ಪತ್ರಗಳ ಸಂಖ್ಯೆ ಹೆಚ್ಚುತ್ತದೆ. ಈ ಸಲದ ಪತ್ರಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಕಾಣಿಸಿಕೊಂಡಿತು: ವಿಶ್ವವಿದ್ಯಾಲಯಗಳು ನಡೆಸುವ ಕಾನೂನಿನ ಒಂದು ವರ್ಷದ ಡಿಪ್ಲೊಮಾ ಓದಿದರೆ ಪ್ರಯೋಜನವುಂಟೆ? ಕೇಳಿದವರಲ್ಲಿ ಹೆಚ್ಚಿನವರು ಕಾಲೇಜು ಹುಡುಗರಲ್ಲ. ಮಕ್ಕಳನ್ನು ಶಾಲೆಗೆ ಕಳುಹಿಸಿ ಮಧ್ಯಾಹ್ನ ಎರಡು ತಾಸು ಬಿಡುವು ಪಡೆಯುವ ಗೃಹಿಣಿಯರು, ನಿವೃತ್ತ ಶಿಕ್ಷಕರು, ಪತ್ತಿನ ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುವವರು. ಆದುದರಿಂದ ಉತ್ತರವನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯಬೇಕೆಂದು ನಮಗೆ ತೋರಿತು.

ಮೊದಲು ಒಂದು ಭ್ರಮೆಯನ್ನು ನಿವಾರಿಸಬೇಕು. ಡಿಪ್ಲೊಮಾ ಪಡೆದವರು ವಕೀಲರಾಗುವುದಿಲ್ಲ. 1961ರ ವಕೀಲರ ಅಧಿನಿಯಮದ ಪ್ರಕಾರ ಕರಿಕೋಟು ಧರಿಸಿ ನ್ಯಾಯಾಲಯದಲ್ಲಿ ವಾದಿಸಬೇಕಾದರೆ ಭಾರತೀಯ ವಕೀಲರ ಪರಿಷತ್ತು ಮಾನ್ಯ ಮಾಡಿದ ಕಾನೂನು ಪದವಿ ಇರಬೇಕು. ರಾಜ್ಯ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಬೇಕು. 2010ರಲ್ಲಿ ಜಾರಿಗೆ ಬಂದ ಅಖಿಲ ಭಾರತ ವಕೀಲರ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಆ ಪದವಿಯಾದರೂ ಪಿ.ಯು.ಸಿ. ನಂತರ ಐದು ವರ್ಷ ಇಲ್ಲವೆ ಬೇರೆ ಪದವಿಯ ನಂತರ ಮೂರು ವರ್ಷ ಕಾಲೇಜಿಗೆ ಹೋಗಿ ಓದಿ ಪಡೆಯತಕ್ಕದ್ದು. ಅಂಚೆಯ ಮೂಲಕ ಓದಿದ ಕಾನೂನು ಪದವಿಯನ್ನು ಪರಿಷತ್ತು ಒಪ್ಪುವುದಿಲ್ಲ. ಅರ್ಹತೆಯಿಲ್ಲದೆ ವಕೀಲಿ ನಡೆಸಿದವರಿಗೆ ಅದೇ ಅಧಿನಿಯಮದ 45ನೆಯ ಕಲಮಿನಲ್ಲಿ ಆರು ತಿಂಗಳವರೆಗೆ ಸೆರೆವಾಸ ವಿಧಿಸಬಹುದೆಂದು ಹೇಳಿದೆ. ಡಿಪ್ಲೊಮಾ ಕೈಗೆ ಬಂದೊಡನೆ ಮನೆಯ ಮುಂದೆ ‘ಕಾನೂನು ಸಲಹೆಗಾರರು’ ಎಂದು ಫಲಕ ತೂಗುಹಾಕುವ ಉತ್ಸಾಹಿಗಳು ಇದನ್ನು ಗಮನಿಸಬೇಕು.

ಹಾಗಾದರೆ ಈ ಡಿಪ್ಲೊಮಾಗಳು ಯಾರಿಗಾಗಿ? ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವು ಪಿ.ಯು.ಸಿ. ಓದಿದವರಿಗೆಂದು ಪ್ಯಾರಾಲೀಗಲ್ ಡಿಪ್ಲೊಮಾ ಒಂದನ್ನು ರೂಪಿಸಿತು. ಭಾರತದ ನ್ಯಾಯವ್ಯವಸ್ಥೆಯ ಪರಿಚಯ, ಕಾನೂನಿನ ಮೂಲತತ್ವಗಳು, ದುರ್ಬಲ ವರ್ಗದವರ ರಕ್ಷಣೆಯ ಕಾನೂನುಗಳು, ಗ್ರಾಮೀಣ ಸ್ಥಳೀಯ ಆಡಳಿತ ಇವು ಅದರ ವಿಷಯಗಳು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ದೂರಶಿಕ್ಷಣ ವಿಭಾಗವು ಯಾವುದೇ ವಿಷಯದ ಪದವೀಧರರಿಗೆ ಮಾನವ ಹಕ್ಕುಗಳು, ಗ್ರಾಹಕ ಕಾನೂನು, ಮಕ್ಕಳ ಹಕ್ಕುಗಳು ಮುಂತಾದವುಗಳಲ್ಲಿ ಸ್ನಾತಕೋತ್ತರ ಡಿಪ್ಲೊಮಾಗಳನ್ನು ನಡೆಸುತ್ತ ಬಂದಿದೆ. ಯಾವ ವರ್ಷ ಯಾವುದಕ್ಕೆ ಪ್ರವೇಶ ತೆರೆದಿದೆ, ಶುಲ್ಕವೆಷ್ಟು ಎಂಬುದನ್ನು ಆಯಾ ವಿಶ್ವವಿದ್ಯಾಲಯದಿಂದಲೇ ತಿಳಿಯುವುದು ಕ್ಷೇಮ. ಪೇಟೆಯಲ್ಲಿ ಬಣ್ಣದ ಹಾಳೆ ಹಂಚುವ ಮಧ್ಯವರ್ತಿಗಳ ಮಾತನ್ನು ನಂಬಿ ಹಣ ಕಟ್ಟಬಾರದು.

ಓದು ಆರಂಭವಾದ ಮೊದಲ ತಿಂಗಳು ಬೇಸರ ತರುವುದುಂಟು. ಕಾನೂನಿನ ವಾಕ್ಯಗಳು ಗೂಡ್ಸ್ ರೈಲಿನಂತೆ ಉದ್ದ. ಒಂದು ಕಲಮು, ಅದರ ಉಪಕಲಮು, ಅದಕ್ಕೊಂದು ವಿವರಣೆ, ಕೊನೆಗೆ ‘ಪರಂತು’ ಎಂದು ಆರಂಭವಾಗುವ ಒಂದು ಷರತ್ತು. ಅನುಭವವಿಲ್ಲದವರು ಕಲಮನ್ನು ಓದಿ ನಿಲ್ಲಿಸುತ್ತಾರೆ. ಓದು ಬಲ್ಲವರು ಮೊದಲು ‘ಪರಂತು’ವನ್ನು ಹುಡುಕುತ್ತಾರೆ. ಮೇಲೆ ಕೊಟ್ಟ ಹಕ್ಕನ್ನು ಕೆಳಗೆ ಮೊಟಕುಗೊಳಿಸುವುದು ಅದೇ. ಈ ಒಂದು ಅಭ್ಯಾಸ ಬೆಳೆದರೂ ವರ್ಷದ ಶುಲ್ಕ ದಕ್ಕಿತೆಂದೇ ನಾವು ತಿಳಿಯುತ್ತೇವೆ.

ನಮ್ಮ ಸಮಾಜದ ವಿದ್ಯಾರ್ಥಿಗೆ ಕುಟುಂಬ ಕಾನೂನಿನ ಪಾಠದಲ್ಲಿ ಒಂದು ಅಚ್ಚರಿ ಕಾದಿರುತ್ತದೆ. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದ ಎರಡನೆಯ ಕಲಮಿನಲ್ಲಿಯೇ, ಈ ಕಾನೂನು ಯಾರಿಗೆ ಅನ್ವಯಿಸುತ್ತದೆಂದು ಹೇಳುವಲ್ಲಿ, ‘ವೀರಶೈವ’ ಮತ್ತು ‘ಲಿಂಗಾಯತ’ ಎಂಬ ಎರಡು ಹೆಸರುಗಳೂ ಸ್ಪಷ್ಟವಾಗಿ ಅಚ್ಚಾಗಿವೆ. 1955ರ ವಿವಾಹ ಅಧಿನಿಯಮದಲ್ಲಿಯೂ ಹಾಗೆಯೇ. ಧರ್ಮದ ಪ್ರತ್ಯೇಕ ಮಾನ್ಯತೆಯ ಚರ್ಚೆ ನಡೆದಾಗಲೆಲ್ಲ ‘ಹಾಗಾದರೆ ನಮ್ಮ ಆಸ್ತಿಯ ಕಾನೂನು ಏನಾದೀತು?’ ಎಂದು ಕಳವಳಪಟ್ಟು ಕೇಳಿದವರಿದ್ದಾರೆ. ಬೌದ್ಧ, ಜೈನ, ಸಿಖ್ ಧರ್ಮೀಯರಿಗೂ ಇದೇ ಉತ್ತರಾಧಿಕಾರ ಕಾನೂನು ಅನ್ವಯಿಸುತ್ತದೆ ಎಂಬುದು ಅದೇ ಕಲಮಿನ ಮುಂದಿನ ಸಾಲಿನಲ್ಲಿದೆ. ಒಂದು ಪುಟ ಓದಿದ್ದರೆ ಅರ್ಧ ಕಳವಳ ಕಡಿಮೆಯಾಗುತ್ತಿತ್ತು.

ಇನ್ನು ಹೆಣ್ಣುಮಕ್ಕಳ ಪಾಲಿನ ವಿಚಾರ. ಇಲ್ಲಿ ನಾವು ತುಸು ಹೆಚ್ಚು ಹೊತ್ತು ನಿಲ್ಲಬೇಕಾಗಿದೆ. ಬಂದ ಪತ್ರಗಳಲ್ಲಿ ಅರ್ಧದಷ್ಟರ ಹಿಂದೆ ಇರುವ ನಿಜವಾದ ಪ್ರಶ್ನೆ ಇದೇ ಎಂದು ನಮಗೆ ಅನ್ನಿಸಿದೆ.

ನಮ್ಮ ಕಡೆಯ ಹಳ್ಳಿಗಳಲ್ಲಿ ತಂದೆ ಲಿಂಗೈಕ್ಯರಾದ ಕೆಲವು ತಿಂಗಳಿಗೆ ಅಣ್ಣನೋ ತಮ್ಮನೋ ಒಂದು ಕಾಗದ ಹಿಡಿದು ಅಕ್ಕತಂಗಿಯರ ಮನೆಗೆ ಬರುತ್ತಾನೆ. “ಅಕ್ಕಾ, ಹೊಲದ ಉತಾರ ನಮ್ಮ ಹೆಸರಿಗೆ ಆಗಬೇಕಾಗೇದ. ನೋಂದಣಿ ಕಚೇರಿಗೆ ಬಂದು ಒಂದು ಸಹಿ ಹಾಕಿ ಹೋಗು” ಎನ್ನುತ್ತಾನೆ. ಅಕ್ಕ ಹೋಗುತ್ತಾಳೆ, ಸಹಿ ಹಾಕುತ್ತಾಳೆ, ಒಂದು ಸೀರೆ ಉಡಿಸಿಕೊಂಡು ಬರುತ್ತಾಳೆ. ತಾನು ಸಹಿ ಹಾಕಿದ್ದು ಹಕ್ಕು ಬಿಡುಗಡೆ ಪತ್ರಕ್ಕೆ ಎಂಬುದು ಆಕೆಗೆ ಎಷ್ಟೋ ಸಲ ತಿಳಿದಿರುವುದಿಲ್ಲ. ಉತಾರದಲ್ಲಿ ಹೆಸರು ಬದಲಿಸುವುದು ಕಂದಾಯದ ದಾಖಲೆ; ಹಕ್ಕು ಬಿಡುವುದು ಒಡೆತನದ ವಿಷಯ. ಇವೆರಡೂ ಬೇರೆ ಬೇರೆ ಎಂಬುದು ಡಿಪ್ಲೊಮಾದ ಆರಂಭದ ಪಾಠಗಳಲ್ಲಿ ಒಂದು.

ಆಕೆ ಬಿಟ್ಟುಕೊಟ್ಟಿದ್ದೇನು? ನಮ್ಮ ರಾಜ್ಯವು 1994ರ ಜುಲೈ 30ರಿಂದ ಜಾರಿಗೆ ಬಂದ ತಿದ್ದುಪಡಿಯ ಮೂಲಕ ಮಗಳನ್ನೂ ಹುಟ್ಟಿನಿಂದಲೇ ಪಿತ್ರಾರ್ಜಿತ ಆಸ್ತಿಯ ಸಹಭಾಗಿಯೆಂದು ಒಪ್ಪಿತು. ದೇಶದ ಎಲ್ಲ ರಾಜ್ಯಗಳಿಗಿಂತ ಹನ್ನೊಂದು ವರ್ಷ ಮೊದಲೆನ್ನುವಂತಿಲ್ಲ, ಆಂಧ್ರ, ತಮಿಳುನಾಡು, ಮಹಾರಾಷ್ಟ್ರಗಳೂ ಇಂಥದೇ ಹೆಜ್ಜೆ ಇಟ್ಟಿದ್ದವು. ಆದರೆ ಕೇಂದ್ರಕ್ಕಿಂತ ಮೊದಲಂತೂ ಹೌದು. ಅದರಲ್ಲೊಂದು ‘ಪರಂತು’ ಇತ್ತು: ಅಷ್ಟರೊಳಗೆ ಮದುವೆಯಾಗಿದ್ದ ಮಗಳಿಗೆ ಆ ಹಕ್ಕಿರಲಿಲ್ಲ. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿಯಲ್ಲಿ ಮದುವೆಯ ಆ ಭೇದ ಹೋಯಿತು. ಆ ದಿನ ತಂದೆ ಬದುಕಿರಬೇಕಾಗಿತ್ತೇ ಎಂಬ ಜಿಜ್ಞಾಸೆ ಹದಿನೈದು ವರ್ಷ ನಡೆದು, 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೀಠವು, ಹಾಗೇನೂ ಬೇಕಿಲ್ಲ, ಮಗಳ ಹಕ್ಕು ಹುಟ್ಟಿನಿಂದ ಬಂದದ್ದು ಎಂದು ತೀರ್ಮಾನಿಸಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ಆಗಿಹೋದ ವಾಟಣಿ ಮತ್ತು ಮಾರಾಟಗಳು ಮಾತ್ರ ಅಲುಗುವುದಿಲ್ಲ. ಪಂಚರ ಮುಂದೆ ಬಾಯಿಮಾತಿನಲ್ಲಿ ವಾಟಣಿಯಾಯಿತೆಂದು ಈಗ ಹೇಳಿದರೆ ಸಾಲದು. ಅದಕ್ಕೆ ಸರ್ಕಾರಿ ದಾಖಲೆಗಳ ಬಲವಾದ ಆಧಾರ ಬೇಕೆಂದೂ ಅದೇ ತೀರ್ಪು ಹೇಳಿದೆ. ತಂದೆ ಸ್ವಂತ ದುಡಿಮೆಯಿಂದ ಗಳಿಸಿದ ಆಸ್ತಿಯ ಮಾತು ಬೇರೆ. ಅದನ್ನು ಆತ ಮೃತ್ಯುಪತ್ರದ ಮೂಲಕ ತನಗೆ ಬೇಕಾದವರಿಗೆ ಕೊಡಬಹುದು. ಏನನ್ನೂ ಬರೆದಿಡದೆ ಹೋದರೆ ಅಲ್ಲಿಯೂ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತಾಯಿ ಇವರಿಗೆ ಸಮಪಾಲು.

ಇದನ್ನು ಬರೆಯುವಾಗ ಕೆಲವು ಹಿರಿಯರು ಹುಬ್ಬು ಗಂಟಿಕ್ಕುವುದು ನಮಗೆ ಗೊತ್ತು. ಪಂಚಮಿಗೆ ಕರೆಯಲು ಬರುವ ಅಣ್ಣನನ್ನು ಪ್ರತಿವಾದಿಯನ್ನಾಗಿ ಮಾಡಿಸುತ್ತೀರಾ ಎಂದು ಅವರು ಕೇಳಬಹುದು. ಪಾಲು ಕೇಳಿದರೆ ತವರು ತಪ್ಪುತ್ತದೆ ಎಂಬ ಅಂಜಿಕೆ ನಮ್ಮ ಹೆಣ್ಣುಮಕ್ಕಳಲ್ಲಿ ಆಳವಾಗಿದೆ. ಆ ಅಂಜಿಕೆಗೆ ಕಾರಣಗಳಿಲ್ಲವೆಂದು ನಾವು ಹೇಳಲಾರೆವು. ಯಾರೂ ಕೋರ್ಟಿಗೆ ಹೋಗಲಿ ಎಂಬುದು ನಮ್ಮ ಅಭಿಪ್ರಾಯವಲ್ಲ. ತಮ್ಮನ ಬಡತನ ನೋಡಿ, ತಿಳಿದು, ಮನಸಾರೆ ಪಾಲು ಬಿಟ್ಟುಕೊಟ್ಟ ಅಕ್ಕಂದಿರನ್ನು ನಾವು ಕಂಡಿದ್ದೇವೆ, ಅವರ ಬಗ್ಗೆ ಗೌರವವಿದೆ. ಆದರೆ ತಿಳಿಯದೆ ಹಾಕಿಸಿಕೊಂಡ ಸಹಿಯನ್ನು ತ್ಯಾಗವೆಂದು ಕರೆಯುವುದು ನಮಗೆ ಒಪ್ಪಿಗೆಯಿಲ್ಲ. ಹೆಣ್ಣಿಗೂ ಇಷ್ಟಲಿಂಗವನ್ನು ಕೊಟ್ಟ ಪರಂಪರೆಯವರು ಹೊಲದ ಬದುವಿನ ಹತ್ತಿರ ಬಂದಾಗ ಮಾತ್ರ ಬೇರೆ ಲೆಕ್ಕ ಹಾಕುವುದು ಹೇಗೆ? ಒಮ್ಮೆ ನೋಂದಣಿಯಾದ ಬಿಡುಗಡೆ ಪತ್ರವನ್ನು ರದ್ದುಪಡಿಸಲು ದಾವೆ ಹೂಡಬೇಕು; ಮೋಸ ಗೊತ್ತಾದಂದಿನಿಂದ ಮೂರು ವರ್ಷದೊಳಗೆ ಹೂಡಬೇಕು; ಮೋಸವನ್ನು ಸಾಬೀತುಪಡಿಸಬೇಕು. ಅದಕ್ಕಿಂತ ಸಹಿಗೆ ಮುಂಚೆ ಕಾಗದದ ತಲೆಬರಹವನ್ನು ಓದುವುದು ಸುಲಭ.

ಸಹಿಯ ಮಾತು ಬಂದುದರಿಂದ ಜಾಮೀನಿನ ವಿಷಯವನ್ನೂ ಹೇಳಿಬಿಡುತ್ತೇವೆ. ಸಹಕಾರಿ ಸಂಘದ ಸಾಲಕ್ಕೆ ಬೀಗರಿಗಾಗಿ, ಗೆಳೆಯರಿಗಾಗಿ ಜಾಮೀನು ನಿಲ್ಲುವುದು ನಮ್ಮಲ್ಲಿ ದಾಕ್ಷಿಣ್ಯದ ವಿಷಯ. ‘ಅವನಿಂದ ವಸೂಲಾಗದಿದ್ದರೆ ಮಾತ್ರ ನನ್ನ ಹತ್ತಿರ ಬರುತ್ತಾರೆ’ ಎಂದು ಎಲ್ಲರೂ ನಂಬಿದ್ದಾರೆ. 1872ರ ಕರಾರು ಅಧಿನಿಯಮದ 128ನೆಯ ಕಲಮು ಹಾಗೆ ಹೇಳುವುದಿಲ್ಲ. ಕರಾರಿನಲ್ಲಿ ಬೇರೆ ರೀತಿ ಬರೆದಿರದ ಹೊರತು ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಸಂಘವು ನೇರವಾಗಿ ಜಾಮೀನುದಾರನನ್ನೇ ಹಿಡಿಯಬಹುದು. ಕೈಗಡ ಕೊಟ್ಟವರಿಗೂ ಒಂದು ಪಾಠವಿದೆ: ಸಾಮಾನ್ಯವಾಗಿ ಮೂರು ವರ್ಷದೊಳಗೆ ದಾವೆ ಹೂಡದಿದ್ದರೆ ಅವಧಿ ಮೀರುತ್ತದೆ. ಆ ಮೂರು ವರ್ಷದೊಳಗೆ ಸಾಲಗಾರ ಸಾಲವನ್ನೊಪ್ಪಿ ಬರೆದು ಸಹಿ ಮಾಡಿಕೊಟ್ಟರೆ ಹೊಸದಾಗಿ ಎಣಿಕೆ ಆರಂಭ. ಬಾಯಿಮಾತಿನ ‘ಸುಗ್ಗಿಗೆ ಕೊಡುತ್ತೇನೆ’ ಲೆಕ್ಕಕ್ಕಿಲ್ಲ.

ನಿವೃತ್ತರಾದವರು ಗಮನಿಸಬೇಕಾದದ್ದು 2007ರ ತಂದೆತಾಯಿ ಹಾಗೂ ಹಿರಿಯ ನಾಗರಿಕರ ಪೋಷಣೆಯ ಅಧಿನಿಯಮ. ಮಗನ ಹೆಸರಿಗೆ ಮನೆಯನ್ನು ದಾನಪತ್ರ ಮಾಡಿಕೊಟ್ಟು ಆಮೇಲೆ ಊಟಕ್ಕೆ ಕೈಯೊಡ್ಡಿದವರ ಕಥೆ ಹೊಸದಲ್ಲ. ನೋಡಿಕೊಳ್ಳಬೇಕೆಂಬ ಷರತ್ತಿನೊಂದಿಗೆ ಕೊಟ್ಟ ಆಸ್ತಿಯನ್ನು, ಆ ಷರತ್ತು ಮುರಿದಾಗ, 23ನೆಯ ಕಲಮಿನಡಿ ನ್ಯಾಯಮಂಡಳಿಯು ರದ್ದುಪಡಿಸಬಹುದು. ಆ ಷರತ್ತನ್ನು ಪತ್ರದಲ್ಲಿಯೇ ಬರೆಸುವುದು ಒಳ್ಳೆಯದು. ಮಗನ ಮೇಲೆ ಅಪನಂಬಿಕೆ ತೋರಿಸಿದಂತಾಗುತ್ತದೆಂದು ಸಂಕೋಚಪಡಬೇಕಾಗಿಲ್ಲ. ಒಳ್ಳೆಯ ಮಗನಿಗೆ ಆ ಸಾಲಿನಿಂದ ಯಾವ ನಷ್ಟವೂ ಇಲ್ಲ.

ಓದಿನ ತೊಡಕುಗಳನ್ನೂ ಮರೆಮಾಚಬಾರದು. ಮೇಲೆ ಹೇಳಿದ ಡಿಪ್ಲೊಮಾಗಳ ಪುಸ್ತಕಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿವೆ. ತಾಲೂಕು, ಜಿಲ್ಲಾ ನ್ಯಾಯಾಲಯಗಳಲ್ಲಿ ಕನ್ನಡ ನಡೆಯುತ್ತಿರುವಾಗ ಆ ಕಾನೂನಿನ ಪ್ರಾಥಮಿಕ ಓದು ಕನ್ನಡದಲ್ಲಿ ಸುಲಭವಾಗಿ ಸಿಗದಿರುವುದು ನಮಗೆ ವಿಷಾದದ ಸಂಗತಿ. ಸರ್ಕಾರದ ಭಾಷಾಂತರ ನಿರ್ದೇಶನಾಲಯವು ಹಲವು ಅಧಿನಿಯಮಗಳನ್ನು ಕನ್ನಡಕ್ಕೆ ತಂದಿದೆ. ಇಂಗ್ಲಿಷ್ ಪಾಠವನ್ನು ಅದರೊಂದಿಗೆ ಇಟ್ಟುಕೊಂಡು ಓದಿದರೆ ಹೊರೆ ಹಗುರಾಗುತ್ತದೆ. ಎರಡನೆಯ ತೊಡಕು ಹಳೆಯ ಪುಸ್ತಕಗಳದು. ಭಾರತೀಯ ದಂಡ ಸಂಹಿತೆ, ದಂಡ ಪ್ರಕ್ರಿಯಾ ಸಂಹಿತೆ, ಸಾಕ್ಷ್ಯ ಅಧಿನಿಯಮ ಮೂರೂ ಹೋಗಿ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ, ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಅಧಿನಿಯಮಗಳು ಬಂದಿವೆ. ಕಲಮುಗಳ ಸಂಖ್ಯೆಯೆಲ್ಲ ಬದಲಾಗಿದೆ. 1986ರ ಗ್ರಾಹಕ ರಕ್ಷಣಾ ಅಧಿನಿಯಮದ ಸ್ಥಾನದಲ್ಲಿ 2019ರದು ಇದೆ. ಅಣ್ಣನ ಕಾಲದ ಪುಸ್ತಕವನ್ನು ತಮ್ಮ ಓದುವ ಮಿತವ್ಯಯವು ಬೇರೆ ವಿಷಯಗಳಲ್ಲಿ ಮೆಚ್ಚತಕ್ಕದ್ದಾದರೂ ಇಲ್ಲಿ ಸಲ್ಲದು.

ಓದಿ ಮುಗಿಸಿದವರು ಏನು ಮಾಡಬಹುದು? ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರವು 2009ರಲ್ಲಿ ಅರೆಕಾಲಿಕ ಕಾನೂನು ಸ್ವಯಂಸೇವಕರ ಯೋಜನೆಯೊಂದನ್ನು ತಂದಿತು. ಡಿಪ್ಲೊಮಾ ಅದಕ್ಕೆ ಕಡ್ಡಾಯವಲ್ಲ. ಆದರೆ ಓದಿದವರಿಗೆ ಕೆಲಸ ಸಲೀಸು. ತಾಲೂಕು ಸಮಿತಿಗೆ ಜನರನ್ನು ಕರೆದೊಯ್ಯುವುದು, ಅರ್ಜಿ ಬರೆಯಲು ನೆರವಾಗುವುದು, ಲೋಕ ಅದಾಲತ್ತಿನ ಬಗ್ಗೆ ತಿಳಿಸುವುದು ಇಂಥವು ಅವರ ಕಾಯಕ. ನೆರವು ಪಡೆದವರಿಂದ ಹಣ ತೆಗೆದುಕೊಳ್ಳುವಂತಿಲ್ಲ. ಒಂದು ಸಂಗತಿಯನ್ನಂತೂ ಪ್ರತಿ ಮನೆಗೂ ಮುಟ್ಟಿಸಬಹುದು: 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದ 12ನೆಯ ಕಲಮಿನಂತೆ ಮಹಿಳೆಯರಿಗೆ ಉಚಿತ ಕಾನೂನು ನೆರವು ಸಿಗಲು ಆದಾಯದ ಮಿತಿಯಿಲ್ಲ.

ಕಾನೂನು ಓದಿದವರು ಕಾನೂನಿಗಷ್ಟೇ ಕಟ್ಟುಬಿದ್ದವರಲ್ಲ ಎಂಬುದಕ್ಕೆ ನಮ್ಮವರಲ್ಲಿಯೇ ಉದಾಹರಣೆಯಿದೆ. ವಚನಗಳ ತಾಡವೋಲೆಗಳನ್ನು ಮನೆಮನೆ ಅಲೆದು ಕೂಡಿಸಿ 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದ ಫ.ಗು. ಹಳಕಟ್ಟಿಯವರು ವೃತ್ತಿಯಿಂದ ಅಂದಿನ ಬಿಜಾಪುರದ ವಕೀಲರು. ಚದುರಿದ ದಾಖಲೆಗಳನ್ನು ಹುಡುಕಿ, ಹೋಲಿಸಿ, ಪಾಠ ನಿರ್ಧರಿಸುವ ಅವರ ಶಿಸ್ತಿನಲ್ಲಿ ವಕೀಲಿಯ ಪಾಲೂ ಇದ್ದಿರಬೇಕೆಂದು ನಮ್ಮ ಊಹೆ.

ಐವತ್ತೆರಡು ವಯಸ್ಸಿನ ಒಬ್ಬ ತಾಯಿ, ‘ಈ ವಯಸ್ಸಿನಲ್ಲಿ ಓದಿದರೆ ಸೊಸೆ ನಕ್ಕಾಳು’ ಎಂದು ಬರೆದಿದ್ದಾರೆ. ತಾಯೀ, ಪ್ರವೇಶದ ಅರ್ಜಿಯನ್ನು ಸೊಸೆಯಿಂದಲೇ ತುಂಬಿಸಿರಿ. ಸಾಧ್ಯವಾದರೆ ಇಬ್ಬರೂ ಸೇರಿರಿ, ಪುಸ್ತಕವೊಂದೇ ಸಾಕಾಗುತ್ತದೆ. ಪಿ.ಯು.ಸಿ. ಅಂಕಪಟ್ಟಿಯಲ್ಲಿ ತವರಿನ ಹೆಸರೂ ಆಧಾರ ಚೀಟಿಯಲ್ಲಿ ಗಂಡನ ಮನೆಯ ಹೆಸರೂ ಇದ್ದಲ್ಲಿ ಕೊನೆಯ ದಿನದವರೆಗೆ ಕಾಯದೆ ಅದನ್ನು ಮೊದಲೇ ವಿಚಾರಿಸಿಕೊಳ್ಳಿರಿ. ಮೃತ್ಯುಪತ್ರ ಬರೆಯುವ ಕ್ರಮ, ಅದಕ್ಕೆ ಬೇಕಾದ ಇಬ್ಬರು ಸಾಕ್ಷಿಗಳು, ನೋಂದಣಿಯ ಅಗತ್ಯ ಇವುಗಳ ಬಗ್ಗೆ ಬಂದಿರುವ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ತೆಗೆದಿರಿಸಿದ್ದೇವೆ.