ಅವ್ವನ ಪಾಸ್‌ಬುಕ್ಕಿನಲ್ಲಿ ಎಷ್ಟು ರೊಕ್ಕ ಇರಬಹುದು?

ಹಾವೇರಿ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ



ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆಯ ಹಳ್ಳಿಗಳಲ್ಲಿ ವಯಸ್ಸಾದ ಅವ್ವ-ಅಪ್ಪಂದಿರ ಪಾಸ್‌ಬುಕ್ಕು ಸಾಮಾನ್ಯವಾಗಿ ಮಕ್ಕಳ ಕೈಯಲ್ಲಿರುತ್ತದೆ. ನಮ್ಮ ಮನೆಯಲ್ಲಿ ಆ ಕೆಲಸ ನನ್ನದು. ನನ್ನಂಥವರೆಲ್ಲರ ಪ್ರಶ್ನೆ ಒಂದೇ: ಸಂಧ್ಯಾ ಸುರಕ್ಷಾ ಯೋಜನೆಯ ವೃದ್ಧಾಪ್ಯ ಪಿಂಚಣಿ, ನಮ್ಮ ಮಾತಿನಲ್ಲಿ ಪಗಾರ, ಬರುವ ಮುದುಕಿಯ ಖಾತೆಯಲ್ಲಿ ಎಷ್ಟು ರೊಕ್ಕ ಇದ್ದರೆ ತಪ್ಪು?

2007ರಲ್ಲಿ ಯೋಜನೆ ಬಂದಾಗ ತಿಂಗಳಿಗೆ 400 ರೂಪಾಯಿ. ಗಂಡ-ಹೆಂಡತಿಯ ಠೇವಣಿ ಕೂಡಿ 10,000 ಮೀರಬಾರದೆಂಬ ಷರತ್ತು ಆ ಕಾಲದ್ದು. ಮೊತ್ತ ಏರುತ್ತ ಬಂತು. 2021ರಲ್ಲಿ ಶಿಗ್ಗಾವಿಯ ಶಾಸಕರಾಗಿದ್ದ ಬಸವರಾಜ ಬೊಮ್ಮಾಯಿಯವರು ಮುಖ್ಯಮಂತ್ರಿಯಾದ ಕೂಡಲೇ ಅದನ್ನು 1,200 ಮಾಡಿದರು. ದಾಟಿದರೆ ಪಗಾರ ನಿಂತೀತೆಂದು ನಾವು ಹೆದರುವುದು ಮಾತ್ರ ಇಂದಿಗೂ ಆ ಹಳೆಯ 10,000ಕ್ಕೆ.

ಲೆಕ್ಕ ಹಾಕಿ ನೋಡಿ. ಸರ್ಕಾರ ಕೊಟ್ಟದ್ದನ್ನೇ ಒಂಬತ್ತು ತಿಂಗಳು ಮುಟ್ಟದೆ ಇಟ್ಟರೆ 10,800. ಪಡಿತರ ಚೀಟಿಯಲ್ಲಿ ಯಜಮಾನಿ ಎಂದು ಆ ಮುದುಕಿಯದೇ ಹೆಸರಿದ್ದರೆ ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000ವೂ ಅವಳಿಗೇ. ನಾಲ್ಕೇ ತಿಂಗಳಿಗೆ ಮಿತಿ ದಾಟಿತು. ಬಾಕಿ ಕಂತು ಒಟ್ಟಿಗೆ ಬಿದ್ದರಂತೂ ಕೇಳುವುದೇ ಬೇಡ. ಕಣ್ಣಿನ ಪೊರೆ ತೆಗೆಸಲು, ಹುಬ್ಬಳ್ಳಿ ದವಾಖಾನೆಗೆ, ಕೊನೆಗೆ ತನ್ನನ್ನು ಮಣ್ಣು ಮಾಡುವ ಖರ್ಚಿಗೆ ಎಂದು ಕೂಡಿಡುವವಳೇ ಅನುಮಾನಕ್ಕೆ ಗುರಿ.

ಅದಕ್ಕೇ ನಾವು ರೊಕ್ಕ ಬಿಡಿಸಿ ಟ್ರಂಕಿನಲ್ಲಿಡುತ್ತೇವೆ. ಬ್ಯಾಂಕಿನಲ್ಲಿದ್ದಾಗ ಪ್ರತಿ ರೂಪಾಯಿಗೂ ದಾಖಲೆ ಇರುತ್ತದೆ. ಟ್ರಂಕಿಗೆ ಬಿದ್ದ ಮೇಲೆ ಅಣ್ಣ-ತಮ್ಮಂದಿರಲ್ಲಿ ‘ಅವ್ವನ ರೊಕ್ಕ ಯಾರು ತಿಂದರು’ ಎಂಬ ಜಗಳ.

ಮಕ್ಕಳೆಲ್ಲ ಸಾಚಾ ಎನ್ನುತ್ತಿಲ್ಲ. ಅಪ್ಪನ ಹೆಬ್ಬಟ್ಟು ಒತ್ತಿಸಿಕೊಂಡು ಸೀದಾ ಸೆರೆ ಅಂಗಡಿಗೆ ಹೋಗುವವರೂ ಇದ್ದಾರೆ. ಅಂಥವರ ವಿರುದ್ಧ 2007ರದ್ದೇ ಹಿರಿಯ ನಾಗರಿಕರ ಕಾಯ್ದೆ ಇದೆ. ಉಪವಿಭಾಗಾಧಿಕಾರಿಗಳ ಮುಂದೆ ದೂರು ಕೊಡಬಹುದು. ಆ ಕಾಯ್ದೆ ಮಗನಿಂದ ತಿಂಗಳಿಗೆ 10,000ದವರೆಗೆ ಜೀವನಾಂಶ ಕೊಡಿಸಬಲ್ಲದು. ಸಂಧ್ಯಾ ಸುರಕ್ಷಾದಲ್ಲಿ ಜೀವಮಾನದ ಉಳಿತಾಯಕ್ಕೇ ಅಷ್ಟು ಮಿತಿ!

ಮಿತಿ ಏರಿಸುವುದು ಬೆಂಗಳೂರಿನ ಕೆಲಸ, ಬಲ್ಲೆ. ನೀವು ಅಲ್ಲಿಗೆ ಬರೆಯಬಹುದು. ಅದಕ್ಕೂ ಮೊದಲು ಜಿಲ್ಲೆಯಲ್ಲೇ ಆಗುವುದಿದೆ. ಪಗಾರ ಉಳಿದು ಖಾತೆಯಲ್ಲಿ ಬೆಳೆದ ಹಣ ಠೇವಣಿಯೇ, ಔಷಧಕ್ಕೆಂದು ಮಗ ಹಾಕಿದ ಹಣ ಅವ್ವನ ಆಸ್ತಿಯೇ ಎಂಬುದನ್ನು ಕನ್ನಡದಲ್ಲಿ ಬರೆಸಿ ಪ್ರತಿ ನಾಡಕಚೇರಿಯಲ್ಲಿ ಅಂಟಿಸಿ. ಪಗಾರ ನಿಲ್ಲಿಸುವ ಮುಂಚೆ ಗ್ರಾಮ ಆಡಳಿತ ಅಧಿಕಾರಿ ಮನೆಗೆ ಬಂದು ಕಾರಣ ಓದಿ ಹೇಳಲಿ.

ಇನ್ನು ಬ್ಯಾಂಕು. ಕೆವಿಜಿ (ಕರ್ನಾಟಕ ವಿಕಾಸ ಗ್ರಾಮೀಣ) ಬ್ಯಾಂಕಿನ ಬೋರ್ಡು 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕು ಎಂದು ಬದಲಾಯಿತು. ಕಳೆ ಕಿತ್ತು ಸವೆದ ಬೆರಳು ಯಂತ್ರಕ್ಕೆ ಹತ್ತದಿರುವುದು ಬದಲಾಗಲಿಲ್ಲ. 70 ದಾಟಿದವರಿಗೆ ಮನೆಬಾಗಿಲಲ್ಲೇ ಸೇವೆ ಕೊಡಬೇಕೆಂದು ರಿಸರ್ವ್ ಬ್ಯಾಂಕು 2017ರಲ್ಲೇ ಹೇಳಿದೆ. ಜಿಲ್ಲೆಯ ಬ್ಯಾಂಕರುಗಳ ಸಭೆಗೆ ನೀವೇ ಅಧ್ಯಕ್ಷರು. ಯಾವ ಶಾಖೆ ಎಷ್ಟು ಮನೆಗೆ ಹೋಯಿತೆಂದು ಮುಂದಿನ ಸಭೆಯಲ್ಲಿ ಕೇಳಿ, ಉತ್ತರವನ್ನು ಪಿಂಚಣಿ ಅದಾಲತ್ತಿನಲ್ಲಿ ನಮಗೂ ಓದಿ ಹೇಳಿಸಿ.

ಇತಿ,
ಹಾನಗಲ್ಲ ತಾಲೂಕಿನ ಒಬ್ಬ ಮಗಳು