ಒಲ್ಲದ ಮನಸ್ಸಿನ ಒಂದು ಮತ



ಚುನಾವಣೆ ಸಮೀಪಿಸಿದಾಗ ನಮ್ಮ ಮನೆಗಳಲ್ಲಿ ಮೊದಲು ಕೇಳಿಬರುವ ಪ್ರಶ್ನೆ ‘ಅಭ್ಯರ್ಥಿ ಎಂಥವರು?’ ಎಂಬುದಲ್ಲ, ‘ಯಾರ ಪೈಕಿ?’ ಎಂಬುದು. ಈ ಪ್ರಶ್ನೆ ಒಮ್ಮೆ ನನ್ನನ್ನೂ ಬಹುವಾಗಿ ಕಾಡಿತು. ಅಂದು ಒಲ್ಲದ ಮನಸ್ಸಿನಿಂದ ನಾನು ನೀಡಿದ ಮತದ ಕಾರಣಗಳನ್ನು ಈ ತಿಂಗಳು ತಮ್ಮ ಮುಂದಿಡುತ್ತಿದ್ದೇನೆ.

2013ರ ಮಾತು. ನಮ್ಮದು ಆಳಂದದ ಮನೆತನ. ಅಕ್ಕನನ್ನು ಅಫಜಲಪುರಕ್ಕೆ ಕೊಟ್ಟಿದೆ, ಮಗಳನ್ನು ಜೇವರ್ಗಿಗೆ. ಆ ವರ್ಷ ಕಲಬುರ್ಗಿಯ ಶರಣಬಸವೇಶ್ವರರ ಜಾತ್ರೆಗೆ ಎಲ್ಲರೂ ಕೂಡಿದ್ದೆವು. ಪ್ರಸಾದ ಮುಗಿದ ಬಳಿಕ ಮಾತು ಮೇ 5ರ ವಿಧಾನಸಭಾ ಚುನಾವಣೆಯತ್ತ ಹೊರಳಿತು. 2012ರ ಡಿಸೆಂಬರಿನಲ್ಲಿ ಬಿ.ಎಸ್. ಯಡಿಯೂರಪ್ಪನವರು ಹಾವೇರಿಯ ಸಮಾವೇಶದಲ್ಲಿ ಕರ್ನಾಟಕ ಜನತಾ ಪಕ್ಷವನ್ನು ಕಟ್ಟಿದ್ದರು. ಆ ಚುನಾವಣೆಯಲ್ಲಿ ಆಳಂದದಿಂದ ಅದೇ ಪಕ್ಷದಲ್ಲಿ ಸ್ಪರ್ಧಿಸಿದವರು ಬಿ.ಆರ್. ಪಾಟೀಲರು.

ಅಫಜಲಪುರದ ಮಾಮಾ ಅವರದು ಖಚಿತವಾದ ನಿಲುವು: “ನಮ್ಮವರಿಗೆ ನಾವ ಹಾಕಲಿಲ್ಲಂದ್ರ ಮತ್ತ ಯಾರು ಹಾಕತಾರ?”

ನನಗೆ ಆ ಮಾತು ಒಪ್ಪಿಗೆಯಾಗಲಿಲ್ಲ. ಅಕ್ರಮ ಗಣಿಗಾರಿಕೆಯ ಕುರಿತ ಲೋಕಾಯುಕ್ತರ ವರದಿಯ ಹಿನ್ನೆಲೆಯಲ್ಲಿ ಯಡಿಯೂರಪ್ಪನವರು 2011ರ ಜುಲೈ ಕೊನೆಯಲ್ಲಿ ಮುಖ್ಯಮಂತ್ರಿ ಪದವಿ ತ್ಯಜಿಸಿದ್ದರು. ಅದೇ ಅಕ್ಟೋಬರಿನಲ್ಲಿ ಭೂಮಿಗೆ ಸಂಬಂಧಿಸಿದ ಪ್ರಕರಣದಲ್ಲಿ ನ್ಯಾಯಾಂಗ ಬಂಧನಕ್ಕೂ ಒಳಗಾಗಿದ್ದರು. ಇಂಥ ಆರೋಪ ಹೊತ್ತ ನಾಯಕರ ಪಕ್ಷಕ್ಕೆ ಮತ ನೀಡಿದ ಮೇಲೆ ಕಾಯಕಶುದ್ಧಿಯ ಮಾತನ್ನು ಮಕ್ಕಳಿಗೆ ಯಾವ ಮುಖದಿಂದ ಹೇಳಲಿ? ಅದಕ್ಕಿಂತಲೂ ನೋವಿನ ಸಂಗತಿಯೆಂದರೆ, ಕುಲವನ್ನು ಕೇಳಬಾರದೆಂದು ಸಾರಿದ ಬಸವಣ್ಣನವರ ಅನುಯಾಯಿಗಳಾದ ನಾವೇ ಮತಗಟ್ಟೆಯಲ್ಲಿ ಕುಲ ಕೇಳುವುದು.

ಆಗ ಮಗಳು ಜೇವರ್ಗಿಯ ಉದಾಹರಣೆ ಕೊಟ್ಟಳು. “ಯಪ್ಪಾ, ನಮ್ಮ ತಾಲೂಕಿನ್ಯಾಗ ಧರ್ಮಸಿಂಗ್ ಅವರ ಕುಲದ ಮಂದಿ ಎಷ್ಟ ಅದಾರ್ರಿ? ಆದರೂ ಎಷ್ಟೋ ಸಲ ಜನ ಅವರನ್ನ ಗೆಲ್ಲಿಸ್ಯಾರ. 2008ರಾಗ ಸೋಲಿಸಿದ್ದೂ ಜನಾನ, ಅದೂ 70 ಮತದಿಂದ. ನೀವು ಮನ್ಯಾಗ ಕೂತ್ರ ನಿಮ್ಮ ಮತ ಯಾರ ಲೆಕ್ಕಕ್ಕ ಹೋಗತದ?”

ಆ ರಾತ್ರಿ ನಿದ್ರೆ ಹತ್ತಲಿಲ್ಲ. ಯಾರನ್ನೂ ಒಪ್ಪದವರಿಗೆ ಇಂದು ‘ನೋಟಾ’ ಗುಂಡಿಯಿದೆ. ಆದರೆ ಸರ್ವೋಚ್ಚ ನ್ಯಾಯಾಲಯ ಅದಕ್ಕೆ ಆದೇಶಿಸಿದ್ದು ಆ ಚುನಾವಣೆಯ ಅನಂತರ, 2013ರ ಸೆಪ್ಟೆಂಬರ್ 27ರಂದು. ಅಂದು 49-ಓ ನಿಯಮದಂತೆ ಮತಗಟ್ಟೆಯ ಅಧಿಕಾರಿಯ ಎದುರಿಗೇ ‘ಮತ ಹಾಕುವುದಿಲ್ಲ’ವೆಂದು ಬರೆಸಬೇಕಾಗಿತ್ತು. ಅದರಲ್ಲಿ ಗೌಪ್ಯವಿರಲಿಲ್ಲ.

ಕೊನೆಗೆ ಮೂರು ಕಾರಣಗಳಿಂದ ಪಾಟೀಲರಿಗೇ ಮತ ನೀಡಿದೆ. ಮೊದಲನೆಯದು, ಆರೋಪವಿದ್ದುದು ನಾಯಕರ ಮೇಲೆ; ನಾನು ಆರಿಸಬೇಕಾಗಿದ್ದುದು ಜನತಾ ಪರಿವಾರದಿಂದ ಬಂದ, ಹಿಂದೆ ಶಾಸಕರಾಗಿ ಆಳಂದದ ಜನ ಕಂಡಿದ್ದ ವ್ಯಕ್ತಿಯನ್ನು. ಎರಡನೆಯದು, ಆರೋಪವೇ ಅಪರಾಧವಲ್ಲ, ಅದನ್ನು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ. ಮೂರನೆಯದು, ನಮ್ಮ ಭಾಗಕ್ಕೆ ಸಂವಿಧಾನದ 371(ಜೆ) ವಿಧಿ ದೊರೆತು ಕೆಲವೇ ತಿಂಗಳಾಗಿತ್ತು. ಉದ್ಯೋಗ ಮತ್ತು ಶಿಕ್ಷಣದಲ್ಲಿ ಮೀಸಲಾತಿಯ ಆದೇಶಗಳು ಇನ್ನೂ ಹೊರಬರಬೇಕಾಗಿದ್ದವು. ಸದನದಲ್ಲಿ ಎದ್ದು ಕೇಳುವವರು ಬೇಕಾಗಿದ್ದರು. ‘ನಮ್ಮವರು’ ಎಂಬ ಕಾರಣವನ್ನು ಮಾತ್ರ ಉದ್ದೇಶಪೂರ್ವಕವಾಗಿ ಹೊರಗಿಟ್ಟೆ. ಗೆದ್ದ ಮೇಲೆ ಪ್ರಶ್ನಿಸುವ ಹೊಣೆಯೂ ನನ್ನದೆಂದು ಸಂಕಲ್ಪಿಸಿದೆ.

ಪಾಟೀಲರು ಗೆದ್ದರು. ರಾಜ್ಯದಲ್ಲಿ ಆ ಪಕ್ಷಕ್ಕೆ ದೊರೆತದ್ದು 6 ಸ್ಥಾನಗಳು ಮಾತ್ರ. 2014ರ ಆರಂಭದಲ್ಲಿ ಯಡಿಯೂರಪ್ಪನವರು ಮರಳಿ ಭಾರತೀಯ ಜನತಾ ಪಕ್ಷವನ್ನು ಸೇರಿದರು. ಗಣಿಗಾರಿಕೆಗೆ ಸಂಬಂಧಿಸಿದ ಲಂಚದ ಪ್ರಕರಣದಲ್ಲಿ 2016ರ ಅಕ್ಟೋಬರಿನಲ್ಲಿ ಸಿ.ಬಿ.ಐ. ವಿಶೇಷ ನ್ಯಾಯಾಲಯ ಅವರನ್ನು ದೋಷಮುಕ್ತಗೊಳಿಸಿತು. 2018ರಲ್ಲಿ ಪಾಟೀಲರು ಕಾಂಗ್ರೆಸ್ಸಿನಿಂದ ನಿಂತು 697 ಮತಗಳಿಂದ ಸೋತರು, 2023ರಲ್ಲಿ ಗೆದ್ದರು. ಅಫಜಲಪುರದಲ್ಲಂತೂ 2018ರಲ್ಲಿ ಎದುರಾಳಿಗಳೇ ಪಕ್ಷಗಳನ್ನು ಅದಲುಬದಲು ಮಾಡಿಕೊಂಡರು: ಮಾಲೀಕಯ್ಯ ಗುತ್ತೇದಾರರು ಕಾಂಗ್ರೆಸ್ ಬಿಟ್ಟು ಭಾರತೀಯ ಜನತಾ ಪಕ್ಷಕ್ಕೆ, ಎಂ.ವೈ. ಪಾಟೀಲರು ಆ ಪಕ್ಷ ಬಿಟ್ಟು ಕಾಂಗ್ರೆಸ್ಸಿಗೆ. ಪಕ್ಷಕ್ಕೆ ನಿಷ್ಠರಾದವರು ವ್ಯಕ್ತಿಯನ್ನು, ವ್ಯಕ್ತಿಗೆ ನಿಷ್ಠರಾದವರು ಪಕ್ಷವನ್ನು ಬದಲಿಸಬೇಕಾಯಿತು. “ಈಗ ನಮ್ಮವರು ಯಾರು?” ಎಂದು ಮಾಮಾ ಅವರೇ ಕೇಳಿದರು.

ನನ್ನ ತಪ್ಪೊಂದನ್ನು ಒಪ್ಪಿಕೊಳ್ಳುತ್ತೇನೆ. ಪ್ರಶ್ನಿಸುವೆನೆಂದು ಸಂಕಲ್ಪಿಸಿದವನು ಮತ ಹಾಕಿ ಸುಮ್ಮನಾದೆ. ಐದು ವರ್ಷಗಳಲ್ಲಿ ಒಂದು ಪತ್ರವನ್ನೂ ಬರೆಯಲಿಲ್ಲ, ಒಂದು ಗ್ರಾಮಸಭೆಗೂ ಹೋಗಲಿಲ್ಲ. ಒಲ್ಲದ ಮನಸ್ಸಿನ ಮತ ದೋಷವಲ್ಲ. ಅದನ್ನು ನೀಡಿ ಮರೆಯುವುದೇ ದೋಷ. ಮನಃಪೂರ್ವಕ ಒಪ್ಪಿದವರಿಗಿಂತ ಅರೆಮನಸ್ಸಿನಿಂದ ಒಪ್ಪಿದವರ ಹೊಣೆ ಹೆಚ್ಚಿನದು. ಅನುಭವ ಮಂಟಪದಲ್ಲಿ ಪ್ರಶ್ನೆಯಿಂದ ಯಾರಿಗೂ ವಿನಾಯಿತಿಯಿರಲಿಲ್ಲ ಎಂಬುದನ್ನು ನಾವು ಮರೆಯಬಾರದು.

ಮತ್ತೊಂದು ಎಚ್ಚರಿಕೆ. 2023ರ ಚುನಾವಣೆಗೆ ಮುನ್ನ ಆಳಂದದಲ್ಲಿ ಮತದಾರರ ಹೆಸರು ತೆಗೆಯಲು 6,018 ಅರ್ಜಿಗಳು ಸಲ್ಲಿಕೆಯಾಗಿದ್ದವು. ಪರಿಶೀಲಿಸಿದಾಗ ಸರಿಯೆಂದು ಕಂಡವು 24 ಮಾತ್ರ. ಆದ್ದರಿಂದ ಪ್ರತಿಯೊಂದು ಮನೆಯ ಹಿರಿಯರು ಪಟ್ಟಿಯಲ್ಲಿ ತಮ್ಮ ಮನೆಯವರೆಲ್ಲರ, ವಿಶೇಷವಾಗಿ ಸೊಸೆಯಂದಿರ ಮತ್ತು ಹೊಸದಾಗಿ ಹದಿನೆಂಟು ತುಂಬಿದವರ ಹೆಸರನ್ನು ಚುನಾವಣೆಗೆ ಮೊದಲೇ ನೋಡಿಕೊಳ್ಳಬೇಕು. ಮನಸ್ಸು ಒಪ್ಪಲಿ, ಒಪ್ಪದಿರಲಿ, ತೀರ್ಮಾನಿಸಲು ಮೊದಲು ಮತವಿರಬೇಕಲ್ಲವೆ?